‘ವ್ಯರ್ಥ’ ಎಂದು ಬರೆಯುವ ಮೊದಲು

ಸಂಘಸಂಸ್ಥೆಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆಯ ಲೇಖನ, ಪತ್ರಿಕೆಗೆ ಬರೆದ ದೂರು, ಇಂಗ್ಲಿಷಿನಿಂದ ಮಾಡಿದ ಅನುವಾದ ಇಂಥವುಗಳ ಕರಡನ್ನು ತಿದ್ದಲು ಕುಳಿತಾಗ ನನ್ನ ಕೆಂಪು ಶಾಯಿಗೆ ಹೆಚ್ಚು ಕೆಲಸ ಕೊಡುವ ಪದಗಳಲ್ಲಿ ‘ವ್ಯರ್ಥ’ವೂ ಒಂದು. ಪದದಲ್ಲಿ ದೋಷವಿಲ್ಲ, ಅದನ್ನು ಕೂರಿಸಿದ ಜಾಗದಲ್ಲಿ ದೋಷವಿರುತ್ತದೆ. ಸೋರಿಹೋದ ನೀರು, ಕೆಟ್ಟು ನಿಂತ ಯಂತ್ರ, ಸೋತ ಪ್ರಯತ್ನ, ಆಧಾರವಿಲ್ಲದ ಆರೋಪ, ಕಿವಿಗೆ ಹಾಕಿಕೊಳ್ಳದವನಿಗೆ ಹೇಳಿದ ಬುದ್ಧಿಮಾತು ಇಷ್ಟನ್ನೂ ಒಂದೇ ‘ವ್ಯರ್ಥ’ದಲ್ಲಿ ಮುಗಿಸಿಬಿಟ್ಟರೆ, ಏನೋ ಸರಿಹೋಗಲಿಲ್ಲ ಎಂಬಷ್ಟು ಓದುಗರಿಗೆ ತಿಳಿಯುತ್ತದೆಯೇ ಹೊರತು ಏನು ಸರಿಹೋಗಲಿಲ್ಲ ಎಂಬುದು ತಿಳಿಯುವುದಿಲ್ಲ. ಇವಕ್ಕೆಲ್ಲ ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿವೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದನ್ನು ನಾನು ಅನುಸರಿಸುವ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಮೊದಲನೆಯ ಹೆಜ್ಜೆ: ಪದವನ್ನು ಬಿಡಿಸಿ ನೋಡಿ

‘ವಿ’ ಎಂಬ ಉಪಸರ್ಗಕ್ಕೆ ‘ಅರ್ಥ’ ಸೇರಿ, ಯಣ್ ಸಂಧಿಯಾಗಿ ‘ವ್ಯರ್ಥ’ ಆಗಿದೆ. ‘ಅತಿ’ಗೆ ‘ಅಂತ’ ಸೇರಿ ‘ಅತ್ಯಂತ’ವಾದ ರೀತಿಯೇ ಇದು. ಇಲ್ಲಿ ಗಮನಿಸಬೇಕಾದದ್ದು ‘ಅರ್ಥ’ ಎಂಬ ಭಾಗವನ್ನು. ಸಂಸ್ಕೃತದಲ್ಲಿ ಈ ಪದಕ್ಕೆ ಕನಿಷ್ಠ ಮೂರು ಮುಖಗಳಿವೆ. ಮಾತಿನ ಅಭಿಪ್ರಾಯ ಎಂಬುದು ಒಂದು. ‘ಅರ್ಥಸಚಿವ’, ‘ಅರ್ಥಶಾಸ್ತ್ರ’ ಎನ್ನುವಾಗ ಬರುವ ಹಣಕಾಸು ಎಂಬುದು ಇನ್ನೊಂದು. ‘ಸ್ಮರಣಾರ್ಥ’, ‘ಜ್ಞಾಪಕಾರ್ಥ’ ಎನ್ನುವಾಗ ಬರುವ ಉದ್ದೇಶ ಎಂಬುದು ಮತ್ತೊಂದು. ಕನ್ನಡದ ‘ವ್ಯರ್ಥ’ದಲ್ಲಿ ಉಳಿದಿರುವುದು ಮುಖ್ಯವಾಗಿ ಮೂರನೆಯ ಮುಖ: ಉದ್ದೇಶ ಕೈಗೂಡದೆ ಹೋದದ್ದು ವ್ಯರ್ಥ. ಮೊದಲನೆಯ ಮುಖವನ್ನು, ಅಂದರೆ ಅಭಿಪ್ರಾಯವೇ ಇಲ್ಲದಿರುವುದನ್ನು ಹೇಳಲು ನಮಗೆ ‘ಅರ್ಥಹೀನ’, ‘ನಿರರ್ಥಕ’ ಎಂಬ ಪದಗಳಿವೆ. ‘ಅನರ್ಥ’ವೂ ಅದೇ ಮೂಲದಿಂದ ಬಂದದ್ದಾದರೂ ಕನ್ನಡದಲ್ಲಿ ಅದು ಕೇಡು, ವಿಪತ್ತು ಎಂಬ ಕಡೆಗೆ ಹೋಗಿದೆ, ‘ಅಪಾರ್ಥ’ವು ತಪ್ಪು ತಿಳಿವಳಿಕೆಯ ಕಡೆಗೆ ಹೋಗಿದೆ. ಒಂದೇ ಮನೆಯ ಈ ಐವರನ್ನು ಒಬ್ಬರ ಬದಲಿಗೆ ಇನ್ನೊಬ್ಬರನ್ನಾಗಿ ಕಳುಹಿಸಲು ಬರುವುದಿಲ್ಲ.

ನಮ್ಮದೇ ಆದ ‘ಹುರುಳು’ ಎಂಬ ಪದವನ್ನು ಇದೇ ಹಂತದಲ್ಲಿ ನೆನಪಿಟ್ಟುಕೊಳ್ಳಬೇಕು. ಹಳಗನ್ನಡದಲ್ಲಿ ಇದು ‘ಪುರುಳ್’. ತಮಿಳಿನಲ್ಲಿ ಇದರ ಸೋದರ ಪದವಾದ ‘ಪೊರುಳ್’ ಇಂದಿಗೂ ಮಾತಿನ ಅರ್ಥ, ವಸ್ತು, ಸಂಪತ್ತು ಎಂಬ ಎಲ್ಲವನ್ನೂ ಹೇಳುತ್ತದೆ. ಸಂಸ್ಕೃತದ ‘ಅರ್ಥ’ ಎಷ್ಟು ಅಗಲವೋ ದ್ರಾವಿಡ ಪದವೂ ಅಷ್ಟೇ ಅಗಲ ಎಂಬುದು ನನಗೆ ಪ್ರತಿಸಲವೂ ಸೋಜಿಗ ತರುವ ಸಂಗತಿ. ‘ಆ ಮಾತಿನಲ್ಲಿ ಹುರುಳಿಲ್ಲ’ ಎಂದು ನಾವು ಹೇಳುವಾಗ ತೂಕವಿಲ್ಲ, ಸತ್ತ್ವವಿಲ್ಲ, ನಂಬಲು ಕಾರಣವಿಲ್ಲ ಎಂಬುದೆಲ್ಲ ಒಟ್ಟಿಗೆ ಬರುತ್ತದೆ. ಈ ಕೆಲಸವನ್ನು ‘ವ್ಯರ್ಥ’ ಮಾಡಲಾರದು.

ಎರಡನೆಯ ಹೆಜ್ಜೆ: ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ‘ವ್ಯರ್ಥ’ ಎಂದು ಬರೆಯುವ ಮೊದಲು, ವೆಚ್ಚವಾದದ್ದು ಏನು ಮತ್ತು ಅದಕ್ಕೆ ಪ್ರತಿಯಾಗಿ ಬರಬೇಕಾಗಿದ್ದದ್ದು ಏನು ಎಂದು ಕೇಳಿಕೊಳ್ಳಬೇಕು. ಎರಡಕ್ಕೂ ಉತ್ತರವಿದ್ದು, ಮೊದಲನೆಯದು ಹೋಗಿ ಎರಡನೆಯದು ಬಾರದೆ ಇದ್ದಾಗ ಮಾತ್ರ ‘ವ್ಯರ್ಥ’ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಶ್ರಮ, ಸಮಯ, ಹಣ, ಮಾತು, ಪ್ರಾಣ, ಅವಕಾಶ ಇವೆಲ್ಲ ವೆಚ್ಚವಾಗುವಂಥವು. ಆದ್ದರಿಂದ ಇವು ವ್ಯರ್ಥವಾಗಬಲ್ಲವು. ಒಂದು ಕಲ್ಲು, ಒಂದು ಮುರಿದ ಕುರ್ಚಿ, ಒಂದು ಹಳೆಯ ಸುತ್ತೋಲೆ ವೆಚ್ಚವಾಗುವಂಥವಲ್ಲ. ಅವು ಕೆಲಸಕ್ಕೆ ಬಾರದವು, ನಿರುಪಯುಕ್ತವಾದವು, ಆದರೆ ವ್ಯರ್ಥವಾದವಲ್ಲ.

ಅಡುಗೆಮನೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮದುವೆಯ ಮನೆಯಲ್ಲಿ ಪಾಯಸಕ್ಕೆಂದು ತರಿಸಿದ್ದ ಹಾಲು ಬಿಸಿಲಿಗೆ ಒಡೆದುಹೋದರೆ ‘ಹಾಲು ಹಾಳಾಯಿತು’ ಎನ್ನುತ್ತೇವೆ, ಏಕೆಂದರೆ ಕೆಟ್ಟದ್ದು ಹಾಲೇ. ಬಡಿಸುವವರು ಲಂಗುಲಗಾಮಿಲ್ಲದೆ ಸುರಿದು ಚೆಲ್ಲಾಡಿದರೆ ‘ಹಾಲು ಪೋಲಾಯಿತು’ ಎನ್ನುತ್ತೇವೆ. ಹಾಲು ಚೆನ್ನಾಗಿಯೇ ಇತ್ತು, ಬಳಸುವವರ ಕೈಯಲ್ಲಿ ಹಿಡಿತವಿರಲಿಲ್ಲ. ಹಾಲೂ ಚೆನ್ನಾಗಿದ್ದು, ಯಾರೂ ಚೆಲ್ಲದೆ, ಬರಬೇಕಾಗಿದ್ದ ದಿಬ್ಬಣವೇ ಬಾರದೆ ಹೋಗಿ ಪಾತ್ರೆಯಲ್ಲಿ ಉಳಿದುಬಿಟ್ಟರೆ ಆಗ ‘ತರಿಸಿದ ಹಾಲು ವ್ಯರ್ಥವಾಯಿತು’ ಎನ್ನಬಹುದು. ಹಾಳು, ಪೋಲು, ವ್ಯರ್ಥ ಈ ಮೂರೂ ಒಂದೇ ನಷ್ಟದ ಮೂರು ಬಗೆಯ ಲೆಕ್ಕಗಳು: ವಸ್ತುವಿನ ಸ್ಥಿತಿ, ಬಳಸಿದವನ ನಡತೆ, ಉದ್ದೇಶದ ಗತಿ. ನಲ್ಲಿಯ ನೀರಿನ ಬಗ್ಗೆ ‘ಪೋಲು ಮಾಡಬೇಡಿ’ ಎಂಬ ಫಲಕ ಸರಿಯಾಗಿರುವುದು ಈ ಕಾರಣದಿಂದ. ಹಣದ ವಿಷಯಕ್ಕೆ ಇದೇ ಸ್ಥಾನದಲ್ಲಿ ‘ದುಂದುವೆಚ್ಚ’, ‘ಅಪವ್ಯಯ’ ಎಂಬ ಪದಗಳಿವೆ. ಇಂಗ್ಲಿಷಿನ ‘ವೇಸ್ಟ್’ ಎಂಬ ಒಂದು ಪದ ಇವೆಲ್ಲವನ್ನೂ ನುಂಗುವುದರಿಂದ ಅನುವಾದಕರು ಎಡವುವುದು ಇಲ್ಲಿಯೇ. ಊರಿನ ಕಸಕ್ಕೆ ‘ತ್ಯಾಜ್ಯ’ ಎನ್ನಬೇಕು. ‘ವ್ಯರ್ಥ ಪದಾರ್ಥಗಳ ವಿಲೇವಾರಿ’ ಎಂದು ಬರೆದದ್ದನ್ನು ಓದಿದರೆ ಆ ಪದಾರ್ಥಗಳ ಬಾಳು ಸಾರ್ಥಕವಾಗಲಿಲ್ಲವೇನೋ ಎಂಬ ಅನುಕಂಪ ಹುಟ್ಟುತ್ತದೆ.

ಇದಕ್ಕಿಂತ ಹೆಚ್ಚು ಜಾಗರೂಕತೆ ಬೇಕಾದದ್ದು ‘ವಿಫಲ’ ಮತ್ತು ‘ವ್ಯರ್ಥ’ ಎಂಬ ಜೋಡಿಯಲ್ಲಿ. ಗುರಿ ಮುಟ್ಟದಿದ್ದರೆ ಪ್ರಯತ್ನ ವಿಫಲ. ಗುರಿಯೂ ಮುಟ್ಟದೆ, ಬೇರೇನೂ ದಕ್ಕದೆ ಹೋದರೆ ಮಾತ್ರ ಅದು ವ್ಯರ್ಥ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಮೆಲ್ಲಗೆ ಇಳಿಯಲು ಮಾಡಿದ ಯತ್ನ ವಿಫಲವಾಯಿತು. ಆದರೆ ಅದೇ ನೌಕೆಯ ಆರ್ಬಿಟರ್ ಚಂದ್ರನನ್ನು ಸುತ್ತುತ್ತಲೇ ಇತ್ತು. ಅದು ತೆಗೆದ ಚಿತ್ರಗಳು ಮುಂದಿನ ಯಾತ್ರೆಗೆ ಇಳಿಯುವ ಜಾಗವನ್ನು ಆರಿಸಲು ನೆರವಾದವು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಸಂಪರ್ಕಕ್ಕೂ ಆ ಹಳೆಯ ಆರ್ಬಿಟರ್ ಜೊತೆಗಿತ್ತು. ಹೀಗಾಗಿ ಆ ದಿನದ ಇಳಿಕೆಯನ್ನು ‘ವಿಫಲ’ ಎನ್ನುವುದು ವರದಿ, ‘ವ್ಯರ್ಥ’ ಎನ್ನುವುದು ಸುಳ್ಳು. ಒಂದು ಪ್ರಯತ್ನ ಕೈಗೂಡಲಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ, ಅದು ವ್ಯರ್ಥವಾಯಿತೇ ಎಂಬುದು ಗೊತ್ತಾಗಲು ಕಾಲ ಬೇಕು. ಆ ಕಾರಣಕ್ಕೆ, ಘಟನೆ ನಡೆದ ಮರುದಿನ ಬರೆಯುವ ಬರಹದಲ್ಲಿ ‘ವಿಫಲ’ದಲ್ಲಿ ನಿಲ್ಲುವುದು ಲೇಸು.

ಮತದಾನದ ವಿಷಯದಲ್ಲಿಯೂ ಇಂಥದೇ ಗೊಂದಲವಿದೆ. ನಿಯಮದಂತೆ ಇಲ್ಲದ ಕಾರಣ ಎಣಿಕೆಯಿಂದ ಹೊರಗಿಟ್ಟ ಅಂಚೆ ಮತ ‘ಅಸಿಂಧು’. ಗೆಲ್ಲದ ಅಭ್ಯರ್ಥಿಗೆ ಹಾಕಿದ ಮತ ಸಿಂಧುವೇ. ಅದು ವ್ಯರ್ಥವೋ ಅಲ್ಲವೋ ಎಂಬುದು ಹಾಕಿದವರ ಅಭಿಪ್ರಾಯಕ್ಕೆ ಬಿಟ್ಟದ್ದು. ಕಾನೂನಿನ ಮಾತನ್ನು ಅಭಿಪ್ರಾಯದ ಮಾತಿನೊಂದಿಗೆ ಬೆರೆಸಬಾರದು.

ಮೂರನೆಯ ಹೆಜ್ಜೆ: ಹಿಂದಕ್ಕೆ ನೋಡುತ್ತಿದ್ದೀರೋ ಮುಂದಕ್ಕೋ ಎಂದು ಗುರುತಿಸಿ

ಕೆಲಸವೊಂದಕ್ಕೆ ಹಿಂದೆ ಕಾರಣವಿರುತ್ತದೆ, ಮುಂದೆ ಫಲವಿರುತ್ತದೆ. ಕಾರಣವಿಲ್ಲ ಎಂದು ಹೇಳಬೇಕಾದಲ್ಲಿ ‘ವಿನಾಕಾರಣ’, ‘ನಿಷ್ಕಾರಣ’, ‘ಸುಮ್ಮಸುಮ್ಮನೆ’ ಬರಬೇಕು. ಫಲವಿಲ್ಲ ಎಂದು ಹೇಳಬೇಕಾದಲ್ಲಿ ‘ವ್ಯರ್ಥ’, ‘ನಿಷ್ಫಲ’ ಬರಬೇಕು. ‘ಮೇಲಧಿಕಾರಿ ವಿನಾಕಾರಣ ಗದರಿದರು’ ಎಂಬುದಕ್ಕೂ ‘ಮೇಲಧಿಕಾರಿ ವ್ಯರ್ಥವಾಗಿ ಗದರಿದರು’ ಎಂಬುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ನೌಕರ ತಪ್ಪು ಮಾಡಿರಲಿಲ್ಲ. ಎರಡನೆಯದರಲ್ಲಿ ತಪ್ಪು ಮಾಡಿದ್ದನೋ ಏನೋ, ಗದರಿದ್ದರಿಂದ ತಿದ್ದಿಕೊಳ್ಳಲಂತೂ ಇಲ್ಲ.

‘ವೃಥಾ’ ಎಂಬ ಅವ್ಯಯ ಎರಡೂ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ‘ವೃಥಾ ಕಾಲಹರಣ’ ಎಂಬಲ್ಲಿ ಫಲವಿಲ್ಲ, ‘ವೃಥಾ ಆರೋಪ’ ಎಂಬಲ್ಲಿ ಕಾರಣವಿಲ್ಲ. ಕಡಲಿನ ಮೇಲೆ ಸುರಿದ ಮಳೆ, ಹೊಟ್ಟೆ ತುಂಬಿದವನಿಗೆ ಬಡಿಸಿದ ಊಟ, ಸಿರಿವಂತನಿಗೆ ಕೊಟ್ಟ ದಾನ, ಹಗಲಿನಲ್ಲಿ ಹಚ್ಚಿದ ದೀಪ ಈ ನಾಲ್ಕನ್ನೂ ವೃಥಾ ಎಂದು ಸಾಲಾಗಿ ಹೇಳುವ ಸಂಸ್ಕೃತ ಸುಭಾಷಿತವೊಂದು ಪ್ರಸಿದ್ಧವಾಗಿದೆ. ಅಲ್ಲಿನ ನಾಲ್ಕು ನಿದರ್ಶನಗಳನ್ನು ಪರಿಶೀಲಿಸಿದರೆ ‘ವೃಥಾ’ದ ಇನ್ನೊಂದು ಗುಣ ಹೊರಬೀಳುತ್ತದೆ: ಕೊಟ್ಟದ್ದರಲ್ಲಿ ಯಾವ ಕೊರತೆಯೂ ಇಲ್ಲ, ತಲುಪಿದ ಜಾಗದಲ್ಲಿ ಅದರ ಅಗತ್ಯವಿಲ್ಲ.

‘ಸುಮ್ಮನೆ’ಯ ವಿಷಯದಲ್ಲಿ ಇನ್ನಷ್ಟು ನಿಲ್ಲಬೇಕು, ಏಕೆಂದರೆ ಬೇರೆ ಭಾಷೆಗೆ ಒಂದೇ ಪದದಲ್ಲಿ ದಾಟಿಸಲಾಗದ ಪದ ಇದು. ಮಾತಾಡದೆ ಇರುವುದು, ಕೆಲಸವಿಲ್ಲದೆ ಇರುವುದು, ಕಾರಣವಿಲ್ಲದೆ ಮಾಡುವುದು, ತಮಾಷೆಗೆ ಹೇಳುವುದು ಇಷ್ಟಕ್ಕೂ ‘ಸುಮ್ಮನೆ’ ಒದಗುತ್ತದೆ. ಬಹಳ ದಿನಗಳ ಮೇಲೆ ಮನೆಗೆ ಬಂದ ಸೋದರಮಾವನನ್ನು ‘ಏನು ಮಾವ, ಇಷ್ಟು ದೂರ?’ ಎಂದು ಕೇಳಿದಾಗ ‘ಏನಿಲ್ಲಮ್ಮ, ಸುಮ್ಮನೆ ಬಂದೆ’ ಎಂದು ಅವರು ಹೇಳಿದರೆ, ಕೆಲಸವಿಲ್ಲದೆಯೂ ನೋಡಬೇಕೆನಿಸಿತು ಎಂಬ ಅಕ್ಕರೆ ಅದರಲ್ಲಿದೆ. ಅದನ್ನೇ ‘ವ್ಯರ್ಥವಾಗಿ ಬಂದೆ’ ಎಂದು ಮಾಡಿದರೆ ಮಾವನನ್ನು ಬಾಗಿಲಿನಿಂದಲೇ ಕಳುಹಿಸಿದಂತಾಗುತ್ತದೆ. ಉದ್ದೇಶವೇ ಇಲ್ಲದ ಕಡೆ ಉದ್ದೇಶ ತಪ್ಪಿಹೋಗುವ ಪ್ರಶ್ನೆಯೂ ಇಲ್ಲವಾದ್ದರಿಂದ, ಹರಟೆ, ತಿರುಗಾಟ, ಆಟ ಮೊದಲಾದವುಗಳ ಬಗ್ಗೆ ಬರೆಯುವಾಗ ‘ಸುಮ್ಮನೆ’ಯನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಔಪಚಾರಿಕ ಬರಹಕ್ಕೆ ಅದು ಹಗುರವಾಯಿತು ಎಂದು ಭಾವಿಸಿ ‘ವ್ಯರ್ಥ’ಕ್ಕೆ ಬಡ್ತಿ ಕೊಡುವವರನ್ನು ನಾನು ನೋಡಿದ್ದೇನೆ, ಆ ಬಡ್ತಿಯಿಂದ ವಾಕ್ಯದ ಅರ್ಥವೇ ತಿರುಗಿಬೀಳುತ್ತದೆ.

‘ಬರಿದೆ’ ಎಂಬುದೂ ಈ ನೆರೆಯಲ್ಲಿಯೇ ಇದೆ. ‘ಬರಿಗೈ’, ‘ಬರಿಗಾಲು’ ಎನ್ನುವಾಗಿನ ಖಾಲಿತನವೇ ಇದರ ಮೂಲ. ಇಂದು ಕಾವ್ಯದ ಭಾಷೆಯಲ್ಲಿ ಮಾತ್ರ ಹೆಚ್ಚಾಗಿ ಕಾಣುವ ಈ ಪದವನ್ನು ಗದ್ಯದಲ್ಲಿ ತಂದರೆ ಸ್ವಲ್ಪ ಅಲಂಕಾರವಾಗಿ ಕಾಣಬಹುದಾದರೂ, ‘ಬರಿಗೈಯಲ್ಲಿ ಮರಳಿದರು’ ಎಂಬ ನುಡಿಗಟ್ಟು ಪತ್ರಿಕೆಯ ವಾಕ್ಯದಲ್ಲಿಯೂ ಸಲೀಸಾಗಿ ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ‘ನಿರರ್ಥಕ’ವನ್ನು ಅದರ ಪಾಲಿಗೆ ಬಿಡಿ

‘ನಿರರ್ಥಕ’ಕ್ಕೆ ಉಪಯೋಗವಿಲ್ಲದ್ದು ಎಂಬ ಅರ್ಥವೂ ಇದೆಯಾದರೂ, ಅಭಿಪ್ರಾಯವಿಲ್ಲದ್ದು ಎಂಬ ಅರ್ಥದಲ್ಲಿ ಅದನ್ನು ಬಳಸಿದರೆ ಬರಹ ಹೆಚ್ಚು ಹರಿತವಾಗುತ್ತದೆ. ಭಾರತೀಯ ತರ್ಕದ ಪರಂಪರೆಯಾದ ನ್ಯಾಯಶಾಸ್ತ್ರದಲ್ಲಿ ವಾದಿಯು ಸೋತನೆಂದು ಘೋಷಿಸಲು ಕಾರಣವಾಗುವ 22 ನಿಗ್ರಹಸ್ಥಾನಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ‘ನಿರರ್ಥಕ’ ಒಂದು, ‘ಅಪಾರ್ಥಕ’ ಇನ್ನೊಂದು. ವರ್ಣಮಾಲೆಯ ಅಕ್ಷರಗಳನ್ನು ಸುಮ್ಮನೆ ಒಪ್ಪಿಸಿದಂತೆ ಅರ್ಥವೇ ಇಲ್ಲದ ಮಾತಾಡುವುದು ನಿರರ್ಥಕ. ಬಿಡಿಬಿಡಿಯಾಗಿ ಅರ್ಥವಿರುವ ಪದಗಳನ್ನೇ ಒಂದಕ್ಕೊಂದು ಹೊಂದದಂತೆ ಪೇರಿಸುವುದು ಅಪಾರ್ಥಕ. ವಾದದ ಅಂಗಳದಲ್ಲಿ ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿದ್ದನ್ನು ನಾವು ಕಲಸುಮೇಲೋಗರ ಮಾಡಬೇಕಾಗಿಲ್ಲ.

ಅರ್ಥವಿಲ್ಲದ್ದೆಲ್ಲ ಉಪಯೋಗವಿಲ್ಲದ್ದಲ್ಲ ಎಂಬುದಕ್ಕೆ ನಮ್ಮ ಆಡುಮಾತೇ ಸಾಕ್ಷಿ. ‘ಕಾಫಿ ಗೀಫಿ ಆಯಿತೇ?’ ಎಂದು ಕೇಳುತ್ತೇವೆ. ‘ಗೀಫಿ’ಗೆ ಯಾವ ನಿಘಂಟಿನಲ್ಲಿಯೂ ಅರ್ಥ ಸಿಗದು, ಅದು ನಿರರ್ಥಕ. ಆದರೆ ಕಾಫಿಯೇ ಆಗಬೇಕೆಂದಿಲ್ಲ, ಟೀಯೋ ಮಜ್ಜಿಗೆಯೋ ತಿಂಡಿಯೋ ಏನಾದರೂ ಆಯಿತೇ ಎಂಬ ವಿಸ್ತಾರವನ್ನು ಆ ಎರಡಕ್ಷರವೇ ತಂದುಕೊಡುತ್ತದೆ. ನಿರರ್ಥಕವಾಗಿದ್ದೂ ಅದು ವ್ಯರ್ಥವಲ್ಲ. ಛಂದಸ್ಸಿನ ಪಾದ ತುಂಬಲು ಸಂಸ್ಕೃತ ಕವಿಗಳು ಸೇರಿಸುತ್ತಿದ್ದ ಚ, ವೈ, ತು, ಹಿ ಎಂಬ ಅವ್ಯಯಗಳ ಕಥೆಯೂ ಹೆಚ್ಚುಕಡಿಮೆ ಇಂಥದೇ, ಅಲ್ಲಿ ಕವಿಯ ಕಷ್ಟ ಮಾತ್ರ ಎದ್ದು ಕಾಣುತ್ತದೆ.

ಬದುಕಿಗೇ ಅರ್ಥವಿಲ್ಲ ಎಂಬ ಚಿಂತನೆಯ ಕುರಿತು ಬರೆಯುವವರಿಗೆ ‘ನಿರರ್ಥಕತೆ’, ‘ಅರ್ಥಶೂನ್ಯತೆ’ ಎಂಬ ಪದಗಳಿವೆ. ಹೊಂದಿಕೆಯೇ ಇಲ್ಲದಿರುವುದನ್ನು ಹೇಳಲು ‘ಅಸಂಗತ’ ಇದೆ. ನಮ್ಮ ರಂಗಭೂಮಿ ‘ಅಸಂಗತ ನಾಟಕ’ ಎಂಬ ಹೆಸರನ್ನು ಸ್ಥಿರಗೊಳಿಸಿದೆ. ಅದನ್ನು ‘ವ್ಯರ್ಥ ನಾಟಕ’ ಎಂದರೆ ಟಿಕೆಟ್ಟಿನ ಹಣ ವಾಪಸು ಕೇಳಿದಂತಾಗುತ್ತದೆ.

ಒಳಗೆ ತಿರುಳಿಲ್ಲದ್ದನ್ನು ಹೇಳಲು ಬೇಸಾಯದ ಬದುಕು ಕೊಟ್ಟ ಪದಗಳನ್ನೂ ಮರೆಯಬಾರದು. ಕಣದಲ್ಲಿ ತೂರುವಾಗ ಗಾಳಿಗೆ ಹಾರಿಹೋಗುವ, ಒಳಗೆ ಕಾಳಿಲ್ಲದ ಸಿಪ್ಪೆ ‘ಜೊಳ್ಳು’. ಒಳಗೆ ಪೊಟರೆಬಿದ್ದ ಮರ ‘ಟೊಳ್ಳು’. ನಡೆಸಿಕೊಡುವ ಮನಸ್ಸಿಲ್ಲದೆ ಕೊಟ್ಟ ಭರವಸೆ ‘ಪೊಳ್ಳು’. ‘ವ್ಯರ್ಥ ಭರವಸೆ’ ಎಂಬುದಕ್ಕಿಂತ ‘ಪೊಳ್ಳು ಭರವಸೆ’ ಎಂಬುದು ಯಾವಾಗಲೂ ಮೇಲು, ಏಕೆಂದರೆ ಅದು ಕೊಟ್ಟವನ ಕಡೆಗೆ ಬೆರಳು ತೋರಿಸುತ್ತದೆ.

ಐದನೆಯ ಹೆಜ್ಜೆ: ಯಾರ ಬಗ್ಗೆ, ಯಾರೆದುರು ಹೇಳುತ್ತಿದ್ದೀರಿ ಎಂದು ನೋಡಿ

ವ್ಯಕ್ತಿಗಳಿಗೆ ‘ವ್ಯರ್ಥ’ ಅಂಟುವುದಿಲ್ಲ. ಅವರ ಬಾಳಿಗೆ, ಶ್ರಮಕ್ಕೆ, ಮಾತಿಗೆ ಅಂಟುತ್ತದೆ. ವ್ಯಕ್ತಿಯನ್ನೇ ಹಳಿಯುವ ಪದ ‘ನಿಷ್ಪ್ರಯೋಜಕ’, ಮತ್ತು ಅದು ಬೈಗುಳವೇ. ಬರಹದಲ್ಲಿ ಅದನ್ನು ಯೋಜನೆಗೋ ನಿಯಮಕ್ಕೋ ಮೀಸಲಿಟ್ಟರೆ ಸಾಕು. (ಹಬ್ಬದ ಬ್ಯಾನರುಗಳಲ್ಲಿ ಹಣ ಕೊಟ್ಟವರನ್ನು ‘ಪ್ರಾಯೋಜಕರು’ ಎನ್ನುವ ಬದಲು ‘ಪ್ರಯೋಜಕರು’ ಎಂದು ಬರೆದಿರುವುದುಂಟು, ಹಣ ಕೊಡದವರನ್ನು ಏನೆನ್ನುತ್ತಾರೋ ಎಂದು ಯೋಚನೆಯಾಗುತ್ತದೆ.)

ಆಡುಮಾತಿನ ‘ದಂಡ’ ಬಹಳ ಖಾರವಾದ ಪದ. ‘ಅಲ್ಲಿಗೆ ಹೋದದ್ದೇ ದಂಡ’, ‘ದಂಡದ ಖರ್ಚು’ ಎನ್ನುವಾಗ, ದಂಡ ತೆತ್ತವನಿಗೆ ಪ್ರತಿಯಾಗಿ ಏನೂ ಸಿಗುವುದಿಲ್ಲ ಎಂಬ ಅನುಭವವೇ ಮಾತಾಗಿದೆ ಎಂದು ನನಗೆ ತೋರುತ್ತದೆ. ಆದರೆ ಕಚೇರಿಯ ಪತ್ರದಲ್ಲಿ ‘ಅರ್ಜಿದಾರರ ಹಣ ದಂಡವಾಯಿತು’ ಎಂದರೆ ಇಲಾಖೆ ಜುಲ್ಮಾನೆ ಹಾಕಿತೆಂದು ಓದುವ ಅಪಾಯವಿದೆ. ‘ಬಿಟ್ಟಿ’, ‘ಪುಕ್ಕಟೆ’ ಎಂಬವು ಬೆಲೆಯಿಲ್ಲದೆ ಸಿಗುವುದನ್ನು ಹೇಳುವ ಪದಗಳು. ವ್ಯರ್ಥಕ್ಕೆ ಅವು ನೇರ ಪರ್ಯಾಯವಲ್ಲ. ಸಂಬಳವಿಲ್ಲದೆ ಬಲವಂತವಾಗಿ ಮಾಡಿಸುವ ದುಡಿಮೆಗೆ ಸಂಸ್ಕೃತದಲ್ಲಿದ್ದ ‘ವಿಷ್ಟಿ’ಯೇ ನಮ್ಮಲ್ಲಿ ‘ಬಿಟ್ಟಿ’ಯಾದದ್ದು. ಆ ನೋವಿನ ಚರಿತ್ರೆ ಮರೆತು ಇಂದು ಅದು ಉಚಿತ ಊಟದವರೆಗೂ ಬಂದಿದೆ.

ಫಲವಿಲ್ಲದ ಚರ್ಚೆಯನ್ನೋ ಯೋಜನೆಯನ್ನೋ ‘ಬಂಜೆ’ ಎನ್ನುವ ಹಳೆಯ ರೂಢಿಯನ್ನು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ನಿಷ್ಫಲ’ ಎಂಬ ಒಳ್ಳೆಯ ಪದವಿರುವಾಗ ಹೆಣ್ಣೊಬ್ಬಳ ನೋವನ್ನು ಉಪಮೆಯಾಗಿ ಎಳೆದುತರಬೇಕಾಗಿಲ್ಲ. ಉಳುಮೆಯಿಲ್ಲದ ನೆಲಕ್ಕೆ ‘ಬಂಜರು’ ಎನ್ನುವುದು ಕಂದಾಯದ ಪದವಾದ್ದರಿಂದ ಇರಲಿ.

ಎದುರಿಗಿರುವವರಿಗೆ ಹೇಳುವಾಗ ಇನ್ನೂ ಮೆಲ್ಲಗೆ ನಡೆಯಬೇಕು. ದೂರದ ಊರಿನಿಂದ ಬಂದ ಹಿರಿಯರಿಗೆ ‘ನೀವು ಬಂದದ್ದು ವ್ಯರ್ಥವಾಯಿತು’ ಎಂದು ಹೇಳುವ ಗುಮಾಸ್ತನ ಮಾತಿನಲ್ಲಿ ವ್ಯಾಕರಣದ ತಪ್ಪಿಲ್ಲ, ಮರ್ಯಾದೆಯ ತಪ್ಪಿದೆ. ‘ನಿಮಗೆ ಸುಮ್ಮನೆ ತೊಂದರೆಯಾಯಿತು’ ಎಂದರೆ ಅದೇ ಸುದ್ದಿ ತಲುಪುತ್ತದೆ ಮತ್ತು ಹೊಣೆ ಹೇಳುವವನ ಕಡೆಗೆ ಬರುತ್ತದೆ.

ಆರನೆಯ ಹೆಜ್ಜೆ: ಕಾಗುಣಿತ ಮತ್ತು ರೂಪಗಳನ್ನು ಸರಿಪಡಿಸಿಕೊಳ್ಳಿ

‘ವ್ಯರ್ಥ’ದಲ್ಲಿ ಅರ್ಕಾವೊತ್ತಿನೊಂದಿಗೆ ಮಹಾಪ್ರಾಣದ ‘ಥ’ ಇದೆ. ‘ವ್ಯರ್ತ’ ಎಂಬುದು ತಪ್ಪು. ‘ವೃಥಾ’ದಲ್ಲಿರುವುದು ಋಕಾರ, ಆದ್ದರಿಂದ ‘ವ್ರಥಾ’ ಎಂದು ಬರೆಯಬಾರದು. ದುಃಖ ಎಂಬ ಅರ್ಥದ ‘ವ್ಯಥೆ’ ಬೇರೆಯೇ ಪದ. ‘ನಿಃ’ ಮತ್ತು ‘ಫಲ’ ಸೇರಿದಾಗ ವಿಸರ್ಗವು ‘ಷ್’ ಆಗುತ್ತದೆ, ‘ಫ’ ಮಹಾಪ್ರಾಣವಾಗಿಯೇ ಉಳಿಯುತ್ತದೆ: ‘ನಿಷ್ಫಲ’.

ನಾಮಪದದ ಹಿಂದೆ ‘ವ್ಯರ್ಥ ಪ್ರಯತ್ನ’, ‘ವ್ಯರ್ಥಾಲಾಪ’ ಎಂದು ವಿಶೇಷಣವಾಗಿಯೂ, ‘ವ್ಯರ್ಥವಾಯಿತು’, ‘ವ್ಯರ್ಥಗೊಳಿಸಿದರು’ ಎಂದು ಕ್ರಿಯೆಯೊಂದಿಗೂ, ‘ವ್ಯರ್ಥವಾಗಿ’ ಎಂದು ಕ್ರಿಯಾವಿಶೇಷಣವಾಗಿಯೂ ಇದು ಬರುತ್ತದೆ. ‘ವೃಥಾ’ ಅವ್ಯಯವಾದ್ದರಿಂದ ಅದಕ್ಕೆ ‘ವಾಗಿ’ ಸೇರಿಸುವ ಅಗತ್ಯವಿಲ್ಲ. ‘ನಿಷ್ಫಲವಾದ ವ್ಯರ್ಥ ಪ್ರಯತ್ನ’ ಎಂಬಂಥ ಜೋಡಣೆ, ಸಂಸ್ಕೃತದವರು ‘ಪಿಷ್ಟಪೇಷಣ’ ಎಂದು ಕರೆಯುವ, ಬೀಸಿದ ಹಿಟ್ಟನ್ನೇ ಮತ್ತೆ ಬೀಸುವ ಕೆಲಸ.

ಈ ಪದ ತನ್ನ ಪೂರ್ಣ ಗಾಂಭೀರ್ಯವನ್ನು ಪಡೆಯುವುದು ನಿಷೇಧದ ಜೊತೆಯಲ್ಲಿ ಎಂಬುದನ್ನು ಗಮನಿಸಿ. ‘ಅವರ ಬಲಿದಾನ ವ್ಯರ್ಥವಾಗದಿರಲಿ’, ‘ಮಾಡಿದ ಶ್ರಮ ವ್ಯರ್ಥವಾಗದು’ ಎಂಬ ವಾಕ್ಯಗಳಲ್ಲಿ ಅದರ ಬದಲಿಗೆ ಬೇರೊಂದನ್ನು ಕೂರಿಸಲು ನನಗೆ ಎಂದೂ ಸಾಧ್ಯವಾಗಿಲ್ಲ. ವ್ಯರ್ಥವಾಗದ್ದು ಎಂದು ಹೇಳಲು ಸಂಸ್ಕೃತದಲ್ಲಿ ಒಂದು ಸೊಗಸಾದ ಪದವಿದೆ: ‘ಅಮೋಘ’. ‘ಮೋಘ’ ಎಂದರೆ ವ್ಯರ್ಥ, ಅದಲ್ಲದ್ದು ಅಮೋಘ. ಕನ್ನಡವು ‘ಮೋಘ’ವನ್ನು ಬಿಟ್ಟು ‘ಅಮೋಘ’ವನ್ನು ಮಾತ್ರ ಇಟ್ಟುಕೊಂಡಿತು, ಮತ್ತು ಇಂದು ಕ್ರಿಕೆಟ್ ವರದಿಯ ‘ಅಮೋಘ ಶತಕ’ದಲ್ಲಿ ಅದಕ್ಕೆ ಅದ್ಭುತ ಎಂಬ ಅರ್ಥವಷ್ಟೇ ಉಳಿದಿದೆ. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ನೃಪತುಂಗನ ಬಿರುದು ‘ಅಮೋಘವರ್ಷ’. ಪದಶಃ ನೋಡಿದರೆ, ಸುರಿದ ಮಳೆ ವ್ಯರ್ಥವಾಗದವನು. ಮಳೆಯನ್ನೇ ನಂಬಿದ ಬಯಲುಸೀಮೆಯ ಅರಸನಿಗೆ ಇದಕ್ಕಿಂತ ತಕ್ಕ ಬಿರುದು ಇನ್ನಾವುದಿದ್ದೀತು? ‘ಅಮೋಘ’ವನ್ನು ಬರೆಯುವಾಗ ಗುರಿ ತಪ್ಪದ್ದು ಎಂಬ ಈ ಹಳೆಯ ಅರ್ಥ ಹಿಂದೆ ಇದ್ದರೆ ಪದ ಸವಕಲಾಗಿ ಕೇಳುವುದಿಲ್ಲ.

ಅನುಮಾನ ಬಂದಾಗ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೋ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನೋ ತೆರೆದು ನೋಡಬಹುದು. ‘ಹಾಳು’, ‘ಹುರುಳು’ ಮೊದಲಾದವುಗಳ ಹಳೆಯ ಪ್ರಯೋಗಗಳು ಬೇಕಿದ್ದರೆ ‘ಪಾಳ್’, ‘ಪುರುಳ್’ ಎಂದು ಪಕಾರದಲ್ಲಿಯೂ ಹುಡುಕಬೇಕು.

ಏಳನೆಯ ಹೆಜ್ಜೆ: ವಿಶೇಷಣವನ್ನೇ ಬಿಟ್ಟು ಬರೆದು ನೋಡಿ

ನಿರುಪಯೋಗವನ್ನು ಹೇಳಲು ಕನ್ನಡಿಗರು ವಿಶೇಷಣಕ್ಕಿಂತ ಪ್ರಶ್ನೆಯನ್ನು ಹೆಚ್ಚು ನಂಬಿದ್ದಾರೆ. ‘ಈಗ ಅತ್ತು ಏನು ಬಂತು?’, ‘ಹೇಳಿ ಏನು ಫಲ?’, ‘ಅವನಿಗೆ ಹೇಳಿದರೇನು, ಬಿಟ್ಟರೇನು?’ ಎಂಬ ವಾಕ್ಯಗಳಲ್ಲಿ ‘ವ್ಯರ್ಥ’ದ ಸುಳಿವೇ ಇಲ್ಲ, ಅದರ ಭಾವ ಮಾತ್ರ ಪೂರ್ತಿ ಇದೆ. ಇಂಗ್ಲಿಷ್ ಮೂಲವನ್ನು ಪಕ್ಕದಲ್ಲಿಟ್ಟುಕೊಂಡವರು ‘ಇದೊಂದು ನಿರರ್ಥಕ ಕಸರತ್ತು’ ಎಂದು ಬರೆಯುತ್ತಾರೆ. ಕಸರತ್ತು ಮಾಡಿದರೆ ಮೈಯಾದರೂ ಗಟ್ಟಿಯಾಗುತ್ತದೆ. ‘ಇಷ್ಟೆಲ್ಲ ಮಾಡಿ ಬಂದದ್ದೇನು?’ ಎಂದು ಕೇಳಿದ್ದರೆ ಸಾಕಾಗಿತ್ತು.

ಗಾದೆಗಳನ್ನು ಬಳಸುವುದಾದರೆ ಅವುಗಳೊಳಗಿನ ವ್ಯತ್ಯಾಸವನ್ನು ಅರಿತು ಬಳಸಬೇಕು, ಏಕೆಂದರೆ ಕೆಲಸ ಏಕೆ ಕೆಟ್ಟಿತು ಎಂಬುದನ್ನೂ ಪ್ರತಿಯೊಂದು ಗಾದೆ ಹೇಳುತ್ತದೆ. ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎಂಬಲ್ಲಿ ಶ್ರಮದ ಜೊತೆಗೆ ಕೈಯಲ್ಲಿದ್ದ ಹಣ್ಣೂ ಕರಗಿ ನೀರಿನ ಪಾಲಾಗುತ್ತದೆ. ಬಂಡವಾಳವೂ ಹೋಗಿ ಕೆಲಸವೂ ಆಗದ ಸಂದರ್ಭಕ್ಕೆ ಇದು ತಕ್ಕದ್ದು. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬಲ್ಲಿ ಕಿನ್ನರಿಯ ತಪ್ಪಿಲ್ಲ, ಕೇಳುಗನ ತಪ್ಪಿದೆ. ‘ಬೋರ್ಗಲ್ಲ ಮೇಲೆ ಮಳೆ ಸುರಿದಂತೆ’ ಎಂಬುದು ಎಷ್ಟು ಹೇಳಿದರೂ ಒಳಗಿಳಿಯದ ಉಪದೇಶಕ್ಕೆ. ‘ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ’ ಎಂಬುದು ಫಲವಿಲ್ಲದ್ದಷ್ಟೇ ಅಲ್ಲದೆ ಮಾಡಿದವನಿಗೇ ಪೆಟ್ಟಾಗುವ ಹಟಕ್ಕೆ. ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬಲ್ಲಿ ಕೆಲಸ ಸರಿಯಾದದ್ದೇ, ಹೊತ್ತು ಮೀರಿದೆ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂಬುದನ್ನು ಮಾತ್ರ ವ್ಯರ್ಥದ ಸಾಲಿಗೆ ಸೇರಿಸಬೇಡಿ. ಅಲ್ಲಿ ಫಲ ಬಂದಿದೆ, ಅಗೆದದ್ದಕ್ಕೆ ತಕ್ಕಷ್ಟು ಬಂದಿಲ್ಲ. ಯಾರೂ ಕಿವಿಗೊಡದ ಅಹವಾಲಿಗೆ ‘ಅರಣ್ಯರೋದನ’ ಎಂಬ ಸಮಾಸ ಪತ್ರಿಕೆಗಳಲ್ಲಿ ನೆಲೆನಿಂತಿದೆ.

ಕೊನೆಗೆ, ಈ ಹೆಜ್ಜೆಗಳನ್ನು ಒಂದು ಕರಡಿನ ಮೇಲೆ ಪ್ರಯೋಗಿಸಿ ನೋಡೋಣ. ಕೆರೆ ಅಭಿವೃದ್ಧಿ ಸಮಿತಿಯೊಂದರ ವರದಿ ಹೀಗಿದೆ ಎಂದುಕೊಳ್ಳಿ: ‘ಕೆರೆಯ ಹೂಳೆತ್ತಲು ಮಾಡಿದ ಮೊದಲ ಪ್ರಯತ್ನ ವ್ಯರ್ಥವಾಯಿತು. ತೂಬು ದುರಸ್ತಿಯಾಗದೆ ನೀರು ವ್ಯರ್ಥವಾಯಿತು. ಸಭೆಯಲ್ಲಿ ಕೆಲವರು ವ್ಯರ್ಥ ಆರೋಪಗಳನ್ನು ಮಾಡಿದರು. ಸಮಿತಿಯ ಹಳೆಯ ಪಂಪು ವ್ಯರ್ಥವಾಗಿದೆ. ಇಲಾಖೆಗೆ ಬರೆದ ಪತ್ರಗಳೂ ವ್ಯರ್ಥವಾದವು. ಆದರೂ ಊರಿನವರು ಮಾಡಿದ ಶ್ರಮದಾನ ವ್ಯರ್ಥವಾಗಬಾರದು.’

ಆರು ವಾಕ್ಯಗಳಲ್ಲಿ ಆರು ‘ವ್ಯರ್ಥ’ಗಳಿವೆ. ಮೊದಲ ಪ್ರಯತ್ನ ವ್ಯರ್ಥವಾಗಿರಲಾರದು, ಏಕೆಂದರೆ ವರದಿ ಬರೆಯುವವರೇ ಎರಡನೆಯದರ ಸೂಚನೆ ಕೊಟ್ಟಿದ್ದಾರೆ. ಅದು ವಿಫಲವಾಗಿದೆ ಅಥವಾ ಅರ್ಧಕ್ಕೆ ನಿಂತಿದೆ, ಯಾವುದೆಂದು ಅವರನ್ನೇ ಕೇಳಬೇಕು. ನೀರು ಪೋಲಾಗಿದೆ. ಆರೋಪಗಳಲ್ಲಿ ಹುರುಳಿಲ್ಲ. ಪಂಪು ಕೆಟ್ಟಿದೆ. ಪತ್ರಗಳಿಗೆ ಉತ್ತರ ಬಂದಿಲ್ಲ ಎಂಬುದೇ ಸಂಗತಿಯಾದರೆ ಹಾಗೆಂದೇ ಬರೆಯಬೇಕು, ಬಂದ ಮೇಲೂ ಕೆಲಸವಾಗಿಲ್ಲವಾದರೆ ಅದನ್ನು ಬರೆಯಬೇಕು. ತಿದ್ದಿದ ಕರಡು ಹೀಗಾಗುತ್ತದೆ: ‘ಕೆರೆಯ ಹೂಳೆತ್ತುವ ಮೊದಲ ಪ್ರಯತ್ನ ಅರ್ಧಕ್ಕೆ ನಿಂತಿತು. ತೂಬು ದುರಸ್ತಿಯಾಗದೆ ನೀರು ಪೋಲಾಯಿತು. ಸಭೆಯಲ್ಲಿ ಕೆಲವರು ಹುರುಳಿಲ್ಲದ ಆರೋಪಗಳನ್ನು ಮಾಡಿದರು. ಸಮಿತಿಯ ಹಳೆಯ ಪಂಪು ಕೆಟ್ಟಿದೆ. ಇಲಾಖೆಗೆ ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ. ಆದರೂ ಊರಿನವರು ಮಾಡಿದ ಶ್ರಮದಾನ ವ್ಯರ್ಥವಾಗಬಾರದು.’ ಕೊನೆಯ ವಾಕ್ಯದ ‘ವ್ಯರ್ಥ’ವನ್ನು ಮುಟ್ಟುವುದಿಲ್ಲ. ಅಲ್ಲಿ ಬೆವರು ಹರಿದಿದೆ, ಕೆರೆ ಇನ್ನೂ ತುಂಬಬೇಕಾಗಿದೆ.